ಕೆಮ್ಮಣ್ಣ ಒಪ್ಪಿಕೊಂಡ ಡ್ರಾ

ನಮ್ಮ ಬಟ್ಟೆ ಗಿರಣಿಯ ಚೆಸ್ ತಂಡಕ್ಕೆ ನಾನು ಕ್ಯಾಪ್ಟನ್ ಆದದ್ದು ಆಟ ಬರುತ್ತದೆಂದಲ್ಲ, ಫಾರ್ಮು ತುಂಬಲು ಬರುತ್ತದೆಂದು. ಗೋದಾಮಿನ ಗುಮಾಸ್ತನಿಗೆ ಅಷ್ಟಾದರೂ ಬರಬೇಕಲ್ಲ. ನಿಜವಾಗಿ ಆಡಬಲ್ಲವರು ಕೆಮ್ಮಣ್ಣ. ಆದರೂ ಫಾರ್ಮು ನನ್ನ ಕೈಯಲ್ಲಿದ್ದದ್ದರಿಂದ ಮೂರನೇ ಬೋರ್ಡಿಗೆ ನಾನು, ನಾಲ್ಕಕ್ಕೆ ಅವರು.

ಇಪ್ಪತ್ತೆರಡು ವರ್ಷ ಬಣ್ಣದ ವಿಭಾಗದ ಹಬೆ ಕುಡಿದು ಅವರ ಎದೆ ಕೆಟ್ಟು, ಸದಾ ಕೆಮ್ಮು. ಅಡ್ಡಹೆಸರು ಬಂದದ್ದೂ ಹಾಗೆ. ಆಟ ನೋಡಿ ಮ್ಯಾನೇಜರು ಅವರನ್ನು ಗೋದಾಮಿಗೆ, ನನ್ನ ಪಕ್ಕದ ಕುರ್ಚಿಗೆ ಹಾಕಿದ್ದರು. ಷರತ್ತು ಒಂದೇ: ತಂಡ ಮೊದಲ ದರ್ಜೆಯ ಲೀಗಿನಲ್ಲಿರುವ ತನಕ. ಕೆಳಗಿಳಿದರೆ ಮತ್ತೆ ಬಣ್ಣದ ತೊಟ್ಟಿ. ಆ ಕಡೆ ತಲೆ ಹಾಕಲೇಬೇಡಿ ಎಂದು ಡಾಕ್ಟರು ಹೇಳಿದ್ದರು. ಪಂದ್ಯದ ದಿನ ಅವರ ಹೆಂಡತಿ, ನಮ್ಮ ಅತ್ತಿಗೆ, ನನಗೂ ಒಂದು ಊಟದ ಡಬ್ಬಿ ಕಟ್ಟಿಕೊಟ್ಟು, "ನೋಡ್ಕೊಳಪ್ಪ" ಎನ್ನುತ್ತಿದ್ದರು.

ಕೊನೆಯ ಪಂದ್ಯ ಗೆಲ್ಲಲೇಬೇಕಿತ್ತು. ಮೊದಲೆರಡು ಬೋರ್ಡು ಮುಗಿದು ಅಂಕ ಒಂದು-ಒಂದು; ಉಳಿದವರು ನಾವಿಬ್ಬರೇ. ನನ್ನ ಬಳಿ ಒಂದು ಆನೆ ಹೆಚ್ಚಿತ್ತು. ನಾನಾಗಲೇ ಅದರ ಮೇಲೆ ಹತ್ತಿ ಕೂತಿದ್ದೆ. ಆಗ ಕೆಮ್ಮಣ್ಣ ಎದ್ದು ಬಂದು ಬಗ್ಗಿದರು. ನಿಯಮದಂತೆ ಆಟದ ಸ್ಥಿತಿಯ ಬಗ್ಗೆ ಇಬ್ಬರೂ ಬಾಯಿಬಿಡುವಂತಿಲ್ಲ. ಡ್ರಾ ಬೇಕೋ ಬೇಡವೋ ಎಂದಷ್ಟೇ ಕ್ಯಾಪ್ಟನ್ ಹೇಳಬಹುದು.

"ಎದುರಿನವನು ಡ್ರಾ ಕೇಳ್ತಿದ್ದಾನೆ. ಒಪ್ಕೊಳ್ಳಲಾ?"

ಅವರದು ಅರ್ಧ, ನನ್ನದು ಒಂದು. ಪಂದ್ಯ ನಮ್ಮದೇ. "ಒಪ್ಕೊಳ್ಳಿ ಅಣ್ಣ."

"ಖಂಡಿತಾನಾ?"

"ನಾನಿದ್ದೀನಲ್ಲ."

ಮೂರಡಿ ಆಚೆಗಿದ್ದ ಅವರ ಬೋರ್ಡಿನ ಕಡೆ ನಾನು ಕತ್ತೂ ತಿರುಗಿಸಲಿಲ್ಲ. ಅವರು ಹೋಗಿ ಎದುರಿನವನ ಕೈ ಕುಲುಕಿದರು.

ಹತ್ತು ನಿಮಿಷದಲ್ಲಿ ನಾನು ಎದುರಾಳಿಯ ರಾಜನನ್ನು ಎಷ್ಟು ಚೆನ್ನಾಗಿ ಕಟ್ಟಿಹಾಕಿದೆನೆಂದರೆ ಅವನಿಗೆ ಚೆಕ್ಕೂ ಇಲ್ಲ, ಇಡಲು ಒಂದು ನಡೆಯೂ ಇಲ್ಲ. ನಿಯಮದ ಪ್ರಕಾರ ಅದೂ ಡ್ರಾ. ಎರಡು-ಎರಡು. ನಾವು ಕೆಳಗಿಳಿದೆವು.

ಕೆಮ್ಮಣ್ಣನ ಎದುರಾಳಿ ಚೀಲ ಹೆಗಲಿಗೇರಿಸುತ್ತ ನನಗೆ ಹೇಳಿದ: "ನಿಮ್ಮಣ್ಣ ಇನ್ನೆರಡು ನಡೆ ಆಡಿದ್ರೆ ನನ್ನ ಕಥೆ ಮುಗೀತಿತ್ತು. ಸುಮ್ನೆ ಡ್ರಾ ಕೇಳಿ ನೋಡ್ದೆ."

ಬಸ್ಸಿನಲ್ಲಿ ಕೇಳಿದೆ, "ಗೆಲ್ತಿದ್ದೀನಿ ಅಂತ ಹೇಳ್ಬಾರ್ದಿತ್ತಾ ಅಣ್ಣ?"

"ಹೇಳೋ ಹಾಗಿಲ್ವಲ್ಲ. ಕ್ಯಾಪ್ಟನ್ ನೀನು." ಕೆಮ್ಮು ಮುಗಿಯುವವರೆಗೆ ಮುಂದಿನ ಸೀಟಿನ ಕಂಬಿ ಹಿಡಿದಿದ್ದರು. "ನಿಮ್ಮತ್ತಿಗೆಗೆ ಇವತ್ತೇ ಹೇಳೋದು ಬೇಡ. ಡಬ್ಬಿ ತೊಳೆದು ಕೊಡು."

ಸೋಮವಾರ ಅವರನ್ನು ತೊಟ್ಟಿಗೆ ಹಾಕಿದರು. ಈಗ ವಾರಕ್ಕೊಮ್ಮೆ ಗೋದಾಮಿನ ಕಿಟಕಿಗೆ ಬರುತ್ತಾರೆ, ಮಾಸ್ಕಿಗೆ. ಹಳೆಯದು ಕೊಟ್ಟರೆ ಹೊಸದೊಂದು ಎಂದು ನಿಯಮ; ನಾನು ಎರಡು ಕೊಟ್ಟರೆ ಒಂದನ್ನು ಹಿಂದಕ್ಕೆ ತಳ್ಳುತ್ತಾರೆ. ಹಳೆಯದನ್ನು ನೋಡಿ ಒಳಗಿಡುವುದು ನನ್ನ ಕೆಲಸ. ಹೋದ ವಾರದ್ದು ಒಳಬದಿಯೂ ನೀಲಿಯಾಗಿತ್ತು.