ಡಬ್ಬದಕ್ಕನ ಕಿಟಕಿ

ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಕೂದಲು ನೆರೆಯುವಷ್ಟು ಕಾಲ ದುಡಿದವಳಾದ್ದರಿಂದ ಅವಳನ್ನು ಎಲ್ಲರೂ ಡಬ್ಬದಕ್ಕ ಎನ್ನುತ್ತಿದ್ದರು. ಅವಳಿಗಿದ್ದದ್ದು ಒಂದೇ ಕೆಟ್ಟ ಚಾಳಿ. ಅರೆಬರೆ ಕೆಲಸ ಮಾಡಲು ಬರುತ್ತಲೇ ಇರಲಿಲ್ಲ.

ಬಾಡಿಗೆ ಮನೆಯ ಅಡುಗೆಮನೆ ಕಿಟಕಿಯ ಗಾಜು ಗಾಳಿಗೆ ಬಡಿದು ಪುಡಿಪುಡಿಯಾದಾಗ, "ನೀವೇನೂ ಮುಟ್ಟಬೇಡಿ, ನಾನೇ ಹೊಸ ಗಾಜು ಹಾಕಿಸ್ತೀನಿ" ಎಂದ ಮನೆಯೊಡೆಯ ಆಮೇಲೆ ಈ ಕಡೆ ತಲೆಹಾಕಲಿಲ್ಲ. ಫೋನು ಮಾಡಿ ಮಾಡಿ ಸಾಕಾಯಿತು. ಚಳಿಗಾಳಿಗೆ ಅತ್ತೆ ಕೆಮ್ಮತೊಡಗಿದರು.

"ಒಂದು ಹರಕು ಚೀಲ ತುರುಕಿಬಿಡೇ," ಎಂದ ಗಂಡ. "ಓನರ್ ಬಂದು ನೋಡಿದ್ರೆ ಅಯ್ಯೋ ಪಾಪ ಅನ್ನಿಸ್ಬೇಕು."

ಅವಳ ಕೈ ಕೇಳಬೇಕಲ್ಲ! ದಪ್ಪ ರಟ್ಟು ತಂದಳು, ಅಳತೆ ಹಿಡಿದು ಕತ್ತರಿಸಿದಳು, ಅಂಚು ಮಡಚಿ, ನೀರಿಳಿಯದಂತೆ ಮೇಣ ಬಳಿದು ಕೂರಿಸಿದಳು. ಗಾಳಿ ನಿಂತಿತು. ಬೆಳಕೂ ನಿಂತಿತು. ಹಾಡಹಗಲೇ ದೀಪ ಹಾಕಿಕೊಂಡು ತರಕಾರಿ ಹೆಚ್ಚುವಂತಾಯಿತು.

ಕೊನೆಗೊಮ್ಮೆ ಒಡೆಯ ಬಂದ. ರಟ್ಟನ್ನು ಬೆರಳಿನಿಂದ ಬಡಿದು ನೋಡಿದ. ಮುಖ ಅರಳಿತು.

"ಅಬ್ಬಬ್ಬಾ, ಗಾಜಿಗಿಂತ ಗಟ್ಟಿಯಾಗಿದೆಯಲ್ಲಮ್ಮಾ! ಇನ್ನೇನು ಬೇಕು?"

"ಬೆಳಕು ಬೇಕಲ್ಲಣ್ಣಾ..." ಎನ್ನುವಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು.

ಕೆಲವು ದಿನ ಕಳೆದ ಮೇಲೆ, ಸೊಂಟದಲ್ಲಿ ಕೂಸನ್ನೆತ್ತಿಕೊಂಡು ಕೆಳಮನೆಯ ಬಾಡಿಗೆಯವಳು ಬಂದಳು. "ಅಕ್ಕಾ, ನಮ್ಮ ಕಿಟಕಿ ಗಾಜೂ ಒಡೆದುಹೋಯ್ತು. ಓನರ್ಗೆ ಹೇಳಿದ್ರೆ, ಮೇಲ್ಮನೆಯವರ ಕೈಲಿ ರಟ್ಟು ಹಾಕಿಸ್ಕೊಳ್ಳಿ ಅಂದ್ರು."

ಡಬ್ಬದಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಖಡಾಖಂಡಿತವಾಗಿ ಆಗಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಕೂಸು ಸೀನಿತು.

"ಅಳತೆ ತಂದಿದ್ದೀಯಾ?" ಎಂದಳು.