ಗಾಜಿಗಂಟಿದ ಮುಖ

ಹಳೆಯ ದಾಖಲೆಗಳ ಸಂಗ್ರಹಾಲಯದಲ್ಲಿ ಆ ಮನುಷ್ಯನ ಹೆಸರು ಯಾರಿಗೂ ಬೇಕಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದದ್ದು ‘ಮುಟ್ಟಬೇಡಿ ಸಾಹೇಬರು’ ಎಂದೇ. ಬಾಗಿಲು ದಾಟಿದವರ ಕಿವಿಗೆ ಮೊದಲು ಬೀಳುತ್ತಿದ್ದ ಮಾತು ಅದು. ಕೂತುಕೊಳ್ಳಿ ಎನ್ನುವ ಮರ್ಯಾದೆ ಆಮೇಲೆ, ಅದೂ ಮನಸ್ಸು ಬಂದರೆ.

ಅವನಿಗೆ ಕೆಲಸ ಬರುತ್ತಿರಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಕಾಗದಕ್ಕೆ ತುಕ್ಕು ಹಿಡಿಸಿದ ಗುಂಡುಪಿನ್ನು ಬಿಡಿಸುವುದು, ಹುಳಿ ವಾಸನೆ ಹೊಡೆಯುವ ಫಿಲ್ಮ್ ಸುರುಳಿಯನ್ನು ಉಳಿದವಕ್ಕೂ ಕೇಡು ತಗಲುವ ಮೊದಲೇ ಬೇರೆ ಕೋಣೆಗೆ ಸಾಗಿಸುವುದು, ಫೋಟೋಗೂ ಗಾಜಿಗೂ ನಡುವೆ ರಟ್ಟಿನ ಪಟ್ಟಿ ಕೊಟ್ಟು ಎರಡೂ ತಾಕದಂತೆ ಕಟ್ಟು ಹಾಕುವುದು, ಎಲ್ಲವನ್ನೂ ಬಲ್ಲ. ಆದರೆ ಬಲ್ಲದ್ದೆಲ್ಲ ನೆತ್ತಿಗೇರಿತ್ತು. ಬಿಳಿ ಕೈಗವಸು ತೊಟ್ಟು ಓಡಾಡುತ್ತ, ಓದಲು ಬಂದವರ ಬೆವರಿದ ಬೆರಳು ಕಂಡರೆ ಮೂಗು ಮುರಿಯುತ್ತಿದ್ದ. ನಕಲು ವಿಭಾಗದಲ್ಲಿ ಕ್ಯಾಮೆರಾ ಹಿಡಿದು ದುಡಿಯುವ ಹೆಂಗಸನ್ನು, ದೀಪ ಹಾಕಿ ಆರಿಸೋದಕ್ಕೆ ಸಂಬಳ ತಗೊಳ್ಳೋಳು ಎಂದು ನಾಲ್ಕು ಜನರೆದುರೇ ಅಂದುಬಿಟ್ಟಿದ್ದ. ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಿದ್ದಳು.

ಮನೆಯಲ್ಲಿ, ತೀರಿಕೊಂಡ ಅತ್ತೆಯ ಫೋಟೋ ಒಂದಿತ್ತು. ಆಕೆ ಜೀವಮಾನದಲ್ಲಿ ಕ್ಯಾಮೆರಾ ಮುಂದೆ ಕೂತಿದ್ದು ಆ ಒಂದು ಸಲ ಮಾತ್ರ. ಅವನ ಹೆಂಡತಿಗೆ ತಾಯಿಯ ಮುಖ ಬೇಕೆಂದರೆ ಅದೊಂದೇ. ಅದನ್ನು ತೂಗುಹಾಕಿದ್ದೋ ಬಚ್ಚಲಿಗೆ ಒತ್ತಿಕೊಂಡ ಗೋಡೆಯ ಮೇಲೆ, ನೇರ ಗಾಜಿಗೇ ತಾಗಿಸಿ. ಆಫೀಸಿಗೆ ಒಯ್ದು ಸರಿಮಾಡಿಸಿ, ಒಂದು ಪ್ರತಿ ತೆಗೆಸಿ ಎಂದು ಹೆಂಡತಿ ಹೇಳಿ ಹೇಳಿ ಸುಸ್ತಾಗಿದ್ದಳು. ಚರಿತ್ರೆ ಇರುವ ವಸ್ತುಗಳಿಗೇ ಅಲ್ಲಿ ಜಾಗ ಸಾಲದು, ಅತ್ತೆಯಂದಿರನ್ನು ಎಲ್ಲಿ ಕೂರಿಸಲಿ ಎಂದು ಈ ಮಹಾಶಯ ನಕ್ಕಿದ್ದ. ಒಂದು ಚೂರು ರಟ್ಟು ಕತ್ತರಿಸಿ ನಡುವೆ ಇಡುವುದಕ್ಕೂ ಮೈ ಬಗ್ಗಲಿಲ್ಲ. ಇಂಥವನ ಕೈಗವಸಿಗೆ ಬೆಂಕಿ ಬೀಳಲಿ.

ಹೆಂಡತಿಯ ತಂಗಿ ಅಮ್ಮನ ಪ್ರತಿ ನನಗೂ ಬೇಕು ಎಂದು ಹಟ ಹಿಡಿದಾಗ ಕೊನೆಗೂ ಕಟ್ಟು ಬಿಚ್ಚಿದರು. ತೇವಕ್ಕೆ ಫೋಟೋ ಗಾಜಿಗೆ ಅಂಟಿಹೋಗಿತ್ತು. ಹೀಗಾದರೆ ಬಿಡಿಸುವ ಗೋಜಿಗೇ ಹೋಗಬಾರದು, ಗಾಜಿನ ಮೇಲಿಂದಲೇ ನಕಲು ತೆಗೆಸಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ತೆಗೆಯಬೇಕಾದವಳು ಅದೇ ಕ್ಯಾಮೆರಾದ ಹೆಂಗಸು. ಅವಳ ಮುಂದೆ ಕೈಕಟ್ಟಿ ನಿಲ್ಲಬೇಕಲ್ಲ ಎಂದು ಅವನಿಗೆ ಮೈಯೆಲ್ಲ ಉರಿದುಹೋಯಿತು.

“ಬೇಡಾರೀ, ಹಾಗೇ ಇರ್ಲಿ. ನಾಳೆ ಆಫೀಸಿಗೆ ತಗೊಂಡು ಹೋಗಿ,” ಎಂದಳು ಹೆಂಡತಿ.

“ನನಗೇ ಹೇಳಿಕೊಡ್ತೀಯಾ?” ಎಂದು ಅವನು ಗಾಜಿಗೂ ಫೋಟೋಗೂ ನಡುವೆ ಚಾಕು ತೂರಿಸಿದ.

ಕಾಗದ ಎದ್ದು ಬಂತು, ಮುಖ ಬರಲಿಲ್ಲ. ಹಣೆ, ಒಂದು ಕಣ್ಣು, ಅರ್ಧ ಬಾಯಿ ಗಾಜಿನ ಮೇಲೆಯೇ ಉಳಿದವು. ಮಿಕ್ಕಿದ್ದು ಈರುಳ್ಳಿ ಸಿಪ್ಪೆಯ ಹಾಗೆ ಮೇಜಿನ ಮೇಲೆ ಉದುರಿತು. ಆಫೀಸಿನಲ್ಲಿ ಇನ್ಯಾರಾದರೂ ಹೀಗೆ ಮಾಡಿದ್ದರೆ, ಕತ್ತು ಹಿಡಿದು ಆಚೆ ದಬ್ಬಿ ಎನ್ನುತ್ತಿದ್ದವನೇ ಅವನು.

ಹೆಂಡತಿ ಅಳಲಿಲ್ಲ. ಉದುರಿದ್ದನ್ನೆಲ್ಲ ಒಂದು ಹಾಳೆಯ ಮೇಲೆ ಮೆಲ್ಲಗೆ ಸರಿಸಿಕೊಂಡಳು. ನಾಳೆ ತಾನೇ ಆಫೀಸಿಗೆ ಬಂದು ಆ ಕ್ಯಾಮೆರಾದವರ ಕೈಗೆ ಕೊಡುತ್ತೇನೆ ಎಂದಳು. ಉಳಿದ ಆ ಒಂದು ಕಣ್ಣನ್ನಾದರೂ ಜೋಪಾನವಾಗಿ ಎತ್ತಿಟ್ಟುಕೊಡೋಣವೆಂದು ಅವನು ಗಾಜಿನತ್ತ ಕೈಚಾಚಿದ.

“ಮುಟ್ಟಬೇಡಿ,” ಎಂದಳು.