ಈರಣ್ಣನಿಗೆ ಅವನದೇ ಸೈಲೆನ್ಸರ್ ಮಾರಿದ್ದು

ಒಂಬೈನೂರು ರೂಪಾಯಿ. ಗೆಳೆಯ ಈರಣ್ಣನಿಗೆ ಅವನದೇ ಸೈಲೆನ್ಸರನ್ನು ‘ಸೆಕೆಂಡ್ ಹ್ಯಾಂಡ್, ಆದರೆ ಕಂಪನಿಯದು’ ಎಂದು ಮಾರಿ ನಾನು ಪಡೆದದ್ದು ಇಷ್ಟು. ಮೊದಲು ಸಾವಿರದಿನ್ನೂರು ಹೇಳಿದ್ದೆ. ಚೌಕಾಸಿ ಮಾಡಿ ಮುನ್ನೂರು ಬಿಟ್ಟಾಗ ಅವನು ಕೈಮುಗಿದ — ಅದು ನೆನಪಾದರೆ ಈಗಲೂ...

ಇಳಕಲ್ಲಿನಲ್ಲಿ ನನ್ನದು ಬೈಕ್ ಗ್ಯಾರೇಜು. ಒಂದೇ ಪಾನಾ ಹಿಡಿದು ಶುರುಮಾಡಿ ಮೂರು ಶಟರಿನವರೆಗೆ ಬಂದವನು. ಬಂದ ಗಿರಾಕಿಯನ್ನು ಬಿಟ್ಟ ಅಭ್ಯಾಸವಿಲ್ಲ. ಮೂರು ವರ್ಷದ ಹಿಂದೆ ಹುನಗುಂದದ ಗುತ್ತಿಗೆದಾರನೊಬ್ಬ ಓಡಿಬಂದ. ಗುಡುಗಿನಂತೆ ಸಪ್ಪಳ ಬರಲೆಂದು ಹಿಂದೊಮ್ಮೆ ಅವನ ಬೈಕಿನ ಸೈಲೆನ್ಸರಿನ ಹೊಟ್ಟೆ ಕೊಯ್ದು ಖಾಲಿ ಮಾಡಿಕೊಟ್ಟವನು ನಾನೇ. ಪೊಲೀಸರು ಹಿಡಿದಿದ್ದರು, ಮರುದಿನ ಸರಿಯಾದದ್ದನ್ನು ಹಾಕಿ ತೋರಿಸಬೇಕಿತ್ತು. ಅದೇ ಮಾಡೆಲಿನ ಈರಣ್ಣನ ಗಾಡಿ ಆಯಿಲ್ ಬದಲಿಸಲೆಂದು ನನ್ನಲ್ಲೇ ನಿಂತಿತ್ತು. ಒಂದು ದಿನದ ಮಾತು ಎಂದುಕೊಂಡು ಅದಲುಬದಲು ಮಾಡಿಬಿಟ್ಟೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಈರಣ್ಣ ಪವರ್‌ಲೂಮಿನಲ್ಲಿ ಸೀರೆ ನೇಯುವವನು. ನಾನು ಊಟಕ್ಕೆ ಹೋದಾಗ ಬಂದು ಗಾಡಿ ಒಯ್ದಿದ್ದ. ಹದಿನೈದು ವರ್ಷ ತುಂಬಿದ ಗಾಡಿ — ಮರುದಿನವೇ ಬಾಗಲಕೋಟೆಯ ಆರ್‌ಟಿಓ ಕಚೇರಿಯಲ್ಲಿ ಅದರ ತಪಾಸಣೆಯಿದೆಯೆಂದು ನನಗೆ ಹೇಳಿರಲಿಲ್ಲ. ಅಲ್ಲಿ ಅಧಿಕಾರಿ ಗಾಡಿ ಚಾಲೂ ಮಾಡಿಸಿ, “ಯಜಮಾನ್ರ, ಈ ವಯಸ್ಸಿನ್ಯಾಗ ಇಂಥಾ ಶೋಕಿ ಏನ್ರಿ?” ಎಂದರಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರಂತೆ. ಗಾಡಿ ಫೇಲು.

ನೇರ ನನ್ನಲ್ಲಿಗೇ ಬಂದ. “ಮೌಲಾ, ದಾರೀತುಂಬ ಸಪ್ಪಳ ಕೇಳಸ್ತಿತ್ತಲೇ. ಮಗ್ಗದ ಸಪ್ಪಳನ ಕಿವ್ಯಾಗ ಉಳದೈತಿ ಅನ್ಕೊಂಡೆ!”

ಆಗಲೇ ಹೇಳಬಹುದಿತ್ತು. ಎದುರಿಗೆ ಮೂವರು ಗಿರಾಕಿಗಳಿದ್ದರು — ನನ್ನ ಬಾಯಿ ತಾನಾಗಿ ವ್ಯಾಪಾರಕ್ಕಿಳಿಯಿತು.

“ಸೈಲೆನ್ಸರ್ ತೂತು ಬಿದ್ದು ತಿಂಗಳಾತಲ್ಲೋ. ಓಣಿಗೆಲ್ಲಾ ಕೇಳತೈತಿ, ನಿನಗ ಕೇಳಿಲ್ಲೇನು?”

ಅವನು ಕಿವಿ ಉಜ್ಜಿಕೊಳ್ಳುತ್ತ ಗಾಡಿ ಬಿಟ್ಟುಹೋದ. ಎರಡು ದಿನದಲ್ಲಿ ಅವನ ಸೈಲೆನ್ಸರ್ ಹುನಗುಂದದಿಂದ ಮರಳಿತು, ಪಾಲಿಶ್ ಹೊಡೆಸಿ ಮಾರಿದೆ, ಗಾಡಿ ಪಾಸಾಯಿತು. ಆದರೆ ತಿಂಗಳಿಡೀ ಇಷ್ಟು ದೊಡ್ಡ ಸಪ್ಪಳ ಕೇಳದ ತನಗೆ ಹಿಂದಿನ ಲಾರಿಯ ಹಾರ್ನ್ ಹೇಗೆ ಕೇಳೀತು ಎಂದು ಈರಣ್ಣ ಹೆದರಿದ. “ಕಿವಿ ಹೋದ್ವು ಬಿಡೋ” ಎಂದು ಗಾಡಿಗೆ ತಾಡಪತ್ರಿ ಹೊದಿಸಿಬಿಟ್ಟ. ಅಂದಿನಿಂದ ಸೀರೆಗಂಟು ಹೊತ್ತು ಅಮೀನಗಡದ ಬಸ್ಸಿನಲ್ಲಿ ನಿಂತು ಹೋಗುತ್ತಾನೆ. ಹೆಂಡತಿ ಚಹಾ ಬೇಕೇ ಎಂಬುದನ್ನೂ ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಅವಳು ಕೂಗುವುದರಿಂದಲೇ ತನಗೆ ಕೇಳಿಸುತ್ತಿದೆ ಎಂಬುದು ಅವನ ನಂಬಿಕೆ.

ಮೊನ್ನೆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಹತ್ತು ಹೆಜ್ಜೆ ದೂರದಿಂದ ಅವನೇ ಕರೆದ: “ಲೇ ಮೌಲಾ, ನಿನ್ನ ಕಿಸೇದಾಗ ಫೋನ್ ಹೊಡ್ಕೊಳ್ಳಾಕ್ಹತ್ತೈತಿ!” ನನಗೆ ಕೇಳಿಸಿರಲಿಲ್ಲ.

ನಾಳೆ ಮಗ್ಗ ಶುರುವಾಗುವ ಮೊದಲೇ ಅವನ ಮನೆಗೆ ಹೋಗಿ, ಹೆಂಡತಿಯ ಎದುರಿಗೇ ಎಲ್ಲವನ್ನೂ ಹೇಳುತ್ತೇನೆ. ಮೆಲ್ಲಗೆ ಹೇಳುತ್ತೇನೆ. ಬೈದರೆ ಬೈಯಲಿ. ಇದಕ್ಕೆ ಚೌಕಾಸಿ ಇಲ್ಲ.

ನೀವಾದರೂ ಒಂದಿಷ್ಟು ಹುಷಾರಾಗಿರಿ. ಗ್ಯಾರೇಜಿನಲ್ಲಿ ಗಾಡಿ ಬಿಡುವಾಗ ತಪಾಸಣೆಯ ದಿನ ಹೇಳಿಬಿಡಿ; ಸೈಲೆನ್ಸರಿನ ಅಡಿಯಲ್ಲಿ ಗುರುತಿಗೆ ಬಣ್ಣದ ಒಂದು ಚುಕ್ಕೆ ಇಡಿ; ಒಯ್ಯುವ ಮೊದಲು ಚಾಲೂ ಮಾಡಿ ಎರಡು ನಿಮಿಷ ನಿಂತು ಕೇಳಿ. ಮತ್ತೆ ಮೆಕ್ಯಾನಿಕ್ಕನು ದೋಷ ಗಾಡಿಯದಲ್ಲ, ನಿಮ್ಮ ಕಿವಿಯದು ಎಂದರೆ — ನಂಬುವ ಮೊದಲು ಗಾಡಿಯನ್ನು ಎದುರಿನ ಗ್ಯಾರೇಜಿಗೆ ಒಯ್ದು ತೋರಿಸಿ. ಹಾಗೆಂದವನು ನಾನೇ ಆಗಿದ್ದರೂ.